ಮೇಯರ್ ಮನೆಯ ಹಿತ್ತಲ ಭತ್ತ

ನಾನು ಬೆಳೆದ ಮನೆಯ ಮುಂದೆ ಈಗ ಹಿತ್ತಾಳೆಯ ಫಲಕವೊಂದಿದೆ. ಐರ್ಲೆಂಡಿನಿಂದ ಬರಿಗೈಯಲ್ಲಿ ಬಂದು ಈ ಊರಿನ ಮೇಯರ್ ಆದ ಮಹನೀಯರು ಇಲ್ಲಿ ವಾಸವಾಗಿದ್ದರು ಎಂದು ಅದರ ಮೇಲೆ ಕೆತ್ತಿದ್ದಾರೆ. ಓದಿದವರಿಗೆ ಅವನೊಬ್ಬನೇ ಅಲ್ಲಿ ವಾಸವಾಗಿದ್ದ ಎನಿಸುತ್ತದೆ. ಆ ಮನೆಯನ್ನು ಕೊಂಡವಳು ನನ್ನ ಅಮ್ಮ, ಅದೂ ಅವನ ಮುಖ ನೋಡುವುದಕ್ಕೆ ಮುಂಚೆ. ಅಮ್ಮ ತೀರಿಕೊಂಡ ಮೇಲೆ ಮನೆ ಅವಳ ಎರಡನೆಯ ಗಂಡನಾದ ಅವನ ಪಾಲಿಗೆ ಬಂತು, ಅವನು ಅದನ್ನು ಊರಿಗೆ ಬಿಟ್ಟುಕೊಟ್ಟು ದಾನಿ ಎನಿಸಿಕೊಂಡ. ಹೆಂಡತಿಯ ಮನೆಯನ್ನು ದಾನ ಮಾಡಿ ತನ್ನ ಹೆಸರು ಕೆತ್ತಿಸಿಕೊಳ್ಳುವುದಕ್ಕೂ ಒಂದು ಪ್ರತಿಭೆ ಬೇಕು, ಅದು ಅವನಲ್ಲಿ ಧಾರಾಳವಾಗಿತ್ತು. ಈ ಅಧ್ಯಾಯವನ್ನು ನಾನು ಶಾಂತಚಿತ್ತದಿಂದ ಬರೆಯುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆಯುವುದಕ್ಕೆ ನನಗೆ ಹಲವು ಕಾರಣಗಳಿವೆ. ಇಂಗ್ಲಿಷಿನಲ್ಲಿ ಅವನನ್ನು ಏಕವಚನದಲ್ಲಿ ಕರೆಯಲು ಬರುವುದಿಲ್ಲ ಎನ್ನುವುದು ಅವುಗಳಲ್ಲಿ ಒಂದು.

ಉತ್ತರ ಕ್ಯಾರೊಲೈನಾದಲ್ಲಿ ನಾನೀಗ ಇರುವ ಏಪೆಕ್ಸ್‌ನಿಂದ ದಕ್ಷಿಣಕ್ಕೆ ಸ್ವಲ್ಪ ಹೊತ್ತು ಡ್ರೈವ್ ಮಾಡಿದರೆ ಸಿಗುವ ಊರು ಅದು. ಈಗ ಅಲ್ಲಿ ಸಾಲುಸಾಲು ಟೌನ್‌ಹೌಸುಗಳು, ಅವುಗಳಲ್ಲಿ ಕಂಪ್ಯೂಟರ್ ಕೆಲಸದವರು. ನಾವಿದ್ದಾಗ ತಂಬಾಕಿನ ಹೊಲ, ಬ್ಯಾಪ್ಟಿಸ್ಟ್ ಚರ್ಚುಗಳು, ಒಂದೇ ಒಂದು ಟ್ರಾಫಿಕ್ ದೀಪ. ನಮ್ಮದು ಕೆಂಪು ಇಟ್ಟಿಗೆಯ ಒಂದಂತಸ್ತಿನ ಮನೆ. ಮುಂಬಾಗಿಲು ಬೇರೆಯವರಿಗೆ, ನಾವು ಮನೆಯವರು ಕಾರ್ ನಿಲ್ಲಿಸುವ ಕಡೆಯಿಂದ ಅಡುಗೆಮನೆಯ ಬಾಗಿಲಲ್ಲೇ ಓಡಾಡುತ್ತಿದ್ದೆವು. ಮುಂದಿನ ಕೋಣೆಯಲ್ಲಿ ಯಾರೂ ಕೂರದ ಸೋಫಾ, ಅದರ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರ, ಚಿತ್ರದ ಕೆಳಗೆ ಕೆಂಪು ದೀಪ. ಬದುಕು ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಹಳದಿ ಮೇಜು, ಅಮ್ಮನ ಒತ್ತುಶಾವಿಗೆಯ ಒರಳು, ಕ್ಲಿನಿಕ್ಕಿನಿಂದ ಬಂದವಳು ಸ್ಟೆಥಸ್ಕೋಪನ್ನು ತೂಗುಹಾಕುತ್ತಿದ್ದ ಮೊಳೆ. ಪಾತ್ರೆ ತೊಳೆಯುವ ಸಿಂಕಿನ ಮೇಲೆ ಹಿತ್ತಲಿಗೆ ತೆರೆದ ಕಿಟಕಿ. ನಾನು ಕಂಡದ್ದನ್ನೆಲ್ಲ ಆ ಕಿಟಕಿಯಿಂದಲೇ ಕಂಡೆ.

ನನ್ನ ಅಪ್ಪ ಮೈಸೂರಿನವರು. ತಮ್ಮ ರೋಷನ್ ಹುಟ್ಟಿದ ವರ್ಷವೇ ತೀರಿಕೊಂಡರು. ಅಮ್ಮ ಬೆನೆಡಿಕ್ಟಾ ಉಡುಪಿ ಕಡೆಯ ಕೊಂಕಣಿ ಮನೆಯ ಹುಡುಗಿ, ಮಕ್ಕಳ ಡಾಕ್ಟರು. ಇಬ್ಬರನ್ನೂ ಕೂಡಿಸಿದ ಭಾಷೆ ಕನ್ನಡ, ಅಪ್ಪ ಹೋದ ಮೇಲೂ ಅಮ್ಮ ನಮ್ಮೊಂದಿಗೆ ಅದನ್ನು ಬಿಡಲಿಲ್ಲ. ಆ ಊರಿಗೆ ಬೇರೆ ಡಾಕ್ಟರು ಬರಲೊಪ್ಪದ ಕಾಲದಲ್ಲಿ ಅಮ್ಮ ಬಂದಳು. ಮೊದಮೊದಲು ಅವಳ ಕೈಗೆ ಮಗುವನ್ನು ಕೊಡಲು ಹಿಂಜರಿದವರು ಆಮೇಲೆ ಬೇರೆ ಯಾರ ಕೈಗೂ ಕೊಡಲೊಲ್ಲರು. ಡಾಕ್ಟರ್ ಬೆನ್ನಿ ಎಂದು ಕರೆದರು. ಅಂಗಡಿ ಸಾಲಿನಲ್ಲಿ ಅವಳ ಜೊತೆ ನಡೆದರೆ ಹೆಜ್ಜೆಗೊಬ್ಬ ತಾಯಿ ನಿಲ್ಲಿಸಿ ಮಗುವಿನ ನಾಲಿಗೆ ತೋರಿಸುತ್ತಿದ್ದಳು.

ಫಲಕದ ಆ ಮಹನೀಯ, ಡೆಕ್ಲನ್, ಅಮ್ಮನಿಗೆ ಸಿಕ್ಕಿದ್ದು ಚರ್ಚಿನಲ್ಲಿ. ಬ್ಯಾಪ್ಟಿಸ್ಟರ ಊರಿನಲ್ಲಿ ಕ್ಯಾಥೊಲಿಕರೆಂದರೆ ನಾವು, ಒಂದಿಷ್ಟು ಫಿಲಿಪೈನ್ಸಿನವರು, ಮತ್ತು ಗೋಡೆಗೆ ಗಾರೆ ಮಾಡುವ ಕೆಲಸಕ್ಕೆಂದು ಐರ್ಲೆಂಡಿನಿಂದ ಬಂದು ಹಾರ್ಡ್‌ವೇರ್ ಅಂಗಡಿ ತೆರೆದಿದ್ದ ಇವನು. ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಅವನ ಮಾತು ಚೆನ್ನಾಗಿತ್ತು, ಹಾಡು ಇನ್ನೂ ಚೆನ್ನಾಗಿತ್ತು. ಎಲ್ಲರೂ ಐಸ್ ಹಾಕಿದ ಸಿಹಿ ಚಹಾ ಕುಡಿಯುವ ಸೀಮೆಯಲ್ಲಿ ಅವನೂ ಅಮ್ಮನೂ ಹಾಲು ಹಾಕಿ ಕಡುವಾಗಿ ಕುದಿಸಿದ ಬಿಸಿ ಚಹಾದವರು. ಅವನ ತಾಯಿಯ ಮನೆಯಲ್ಲೂ ಅದೇ ಪವಿತ್ರ ಹೃದಯ, ಅದೇ ಕೆಂಪು ದೀಪ. ನಮ್ಮ ಮನೆಯ ಚಿತ್ರ ನೋಡಿ ಅವನು ಸೋಫಾದ ಮೇಲೆ ಕೂತು ಅತ್ತನಂತೆ. ಅಮ್ಮ ಅದಕ್ಕೇ ಕರಗಿದಳು. ನನ್ನನ್ನು 'ಪೆಟ್' ಎಂದು ಕರೆಯುತ್ತಿದ್ದ. ಅವರ ಕಡೆ ಮಕ್ಕಳನ್ನು ಮುದ್ದಿನಿಂದ ಹಾಗೆ ಕರೆಯುತ್ತಾರಂತೆ. ನನ್ನ ಶಾಲೆಯಲ್ಲಿ ಹಾಗೆಂದರೆ ನಾಯಿಮರಿ.

ನಮ್ಮ ಮನೆಯ ದೊಡ್ಡ ದಿನ ಕ್ರಿಸ್‌ಮಸ್ ಆಗಿರಲಿಲ್ಲ. ಸೆಪ್ಟೆಂಬರ್ ಎಂಟರ ತೆನೆ ಹಬ್ಬ. ಮಾತೆ ಮರಿಯಳ ಜನ್ಮದಿನದಂದು ಕರಾವಳಿಯ ಕ್ರೈಸ್ತರು ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ತರುತ್ತಾರೆ, ಕಾಳು ಸುಲಿದು ಕುಟ್ಟಿ ತೆಂಗಿನಹಾಲಿನ ಪಾಯಸಕ್ಕೆ ಬೆರೆಸುತ್ತಾರೆ. ಮನೆಯ ಯಜಮಾನರು ಅದನ್ನು ಒಬ್ಬೊಬ್ಬರ ಬಲ ಅಂಗೈಗೆ ಹಾಕಿಕೊಡಬೇಕು. ಮನೆಯವರಲ್ಲಿ ಒಬ್ಬರಿಗೆ ಸಿಗದಿದ್ದರೂ ಉಳಿದವರು ತಿನ್ನುವಂತಿಲ್ಲ. ಅದು ಗಂಟಲಿಳಿಯುವ ತನಕ ಊಟಕ್ಕೆ ಕೈ ಹಾಕುವಂತಿಲ್ಲ. ಉತ್ತರ ಕ್ಯಾರೊಲೈನಾದ ನಮ್ಮ ಊರಿನಲ್ಲಿ ಭತ್ತ ಎಲ್ಲಿಂದ ಬರಬೇಕು? ಅಜ್ಜಿಯ ಗದ್ದೆಯ ಬೀಜವನ್ನು ಯಾರೋ ನೆಂಟರು ಜಪಸರದ ಡಬ್ಬಿಯಲ್ಲಿಟ್ಟು ತಂದುಕೊಟ್ಟಿದ್ದರು. ಅಮ್ಮ ಅದನ್ನು ಹಿತ್ತಲಲ್ಲಿ ಬೆಳೆದಳು. ಯಾರದೋ ಮನೆಯಿಂದ ಕಿತ್ತ ಹಳೆಯ ಬಾತ್‌ಟಬ್ಬನ್ನು ಅದಕ್ಕೆಂದು ಹೊತ್ತು ತಂದವನು ಡೆಕ್ಲನ್ನೇ. ಟಬ್ಬಿನ ತೂತು ಮುಚ್ಚಿ, ಕೆಸರು ತುಂಬಿಸಿ, ಬೇಸಿಗೆಯುದ್ದಕ್ಕೂ ನೀರು ನಿಲ್ಲಿಸಿ, ಗುಬ್ಬಿ ಓಡಿಸುವುದು ನನ್ನ ಮತ್ತು ರೋಷನ್‌ನ ಕೆಲಸ. ಹಳೆಯ ಬೀಜ ಮೊಳೆಯುವುದಿಲ್ಲವೆಂದು ಅಮ್ಮ ಪ್ರತಿವರ್ಷ ಎತ್ತಿಟ್ಟದ್ದನ್ನೆಲ್ಲ ಬಿತ್ತಿ, ಬಂದ ತೆನೆಯಿಂದ ಮುಂದಿನ ವರ್ಷದ ಬೀಜ ಉಳಿಸುತ್ತಿದ್ದಳು.

ಆ ದಿನ ಮೀನು ಮಾಂಸ ಇಲ್ಲ. ಬೆಂಡೆಕಾಯಿ ಆ ಸೀಮೆಯಲ್ಲಿ ಬೇಕಾದಷ್ಟು. ಹರಿವೆ ಸಿಗದೆ ಅಮ್ಮ ಕಾಲರ್ಡ್ ಸೊಪ್ಪಿಗೆ ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತಿದ್ದಳು. ರಸ್ತೆಬದಿಯ ಕ್ರೇಪ್ ಮರ್ಟಲ್ ಮರದ ಗುಲಾಬಿ ಹೂಗಳನ್ನು ನಾವು ಬುಟ್ಟಿ ತುಂಬ ತಂದು ಮಾತೆಯ ಪ್ರತಿಮೆಗೆ ಎರಚುತ್ತಿದ್ದೆವು. ತೆನೆ ಕೊಡುವ ಯಜಮಾನಿಕೆಯನ್ನು ಮದುವೆಯಾದ ವರ್ಷವೇ ಅಮ್ಮ ಡೆಕ್ಲನ್‌ಗೆ ಬಿಟ್ಟುಕೊಟ್ಟಳು. ಹಿಡಿಯುವುದು ಬಲಗೈ, ಹಿರಿಯರಿಂದ ಕಿರಿಯರಿಗೆ, ಚೆಲ್ಲಬಾರದು ಎಂದು ಹೇಳಿಕೊಟ್ಟಳು. ಅವನು ಬಹಳ ಗಂಭೀರವಾಗಿ ಮಾಡಿದ. ಉಳಿದ ಹುಲ್ಲನ್ನು ಒಣಗಿಸಿಟ್ಟುಕೊಂಡು, ಫೆಬ್ರವರಿಯಲ್ಲಿ ಅವರ ಕಡೆಯ ಸಂತ ಬ್ರಿಜಿಡಳ ಹಬ್ಬಕ್ಕೆ ಅದರಿಂದಲೇ ಶಿಲುಬೆ ಹೆಣೆದು ಮುಂಬಾಗಿಲ ಮೇಲೆ ಕಟ್ಟಿದ. ಐರ್ಲೆಂಡಿನ ಜೊಂಡಿಗಿಂತ ನಿನ್ನ ಭತ್ತದ ಹುಲ್ಲೇ ಚೆನ್ನಾಗಿ ಬಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ಇದನ್ನೇಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಅವನಿಗೆ ಗೊತ್ತಿರಲಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ.

ಆಮೇಲೆ ಅವನಿಗೆ ಮೇಯರ್ ಆಗುವ ಹುಚ್ಚು ಹಿಡಿಯಿತು. ವೇದಿಕೆ ಹತ್ತಿದರೆ ಬರಿಗೈಯಲ್ಲಿ ಬಂದೆ ಎನ್ನುತ್ತಿದ್ದ, ಮನೆಮನೆಯ ಬಾಗಿಲು ತಟ್ಟಿದರೆ ಡಾಕ್ಟರ್ ಬೆನ್ನಿಯ ಗಂಡ ಎನ್ನುತ್ತಿದ್ದ. ಶನಿವಾರಗಳಂದು ಅಮ್ಮನನ್ನೂ ಎಳೆದುಕೊಂಡು ಹೋಗುತ್ತಿದ್ದ. ಅವನು ರಸ್ತೆ ರಿಪೇರಿಯ ಬಗ್ಗೆ ಭಾಷಣ ಬಿಗಿಯುವಾಗ ಆ ಮನೆಯ ಹೆಂಗಸರು ಅಮ್ಮನನ್ನು ಒಳಗೆ ಕರೆದೊಯ್ದು ಮಗುವಿನ ಕೆಮ್ಮು ಕೇಳಿಸುತ್ತಿದ್ದರು. ಗೆದ್ದ. ಐರಿಷ್ ಉಚ್ಚಾರದ ಕ್ಯಾಥೊಲಿಕನಿಗೆ ಆ ಊರು ವೋಟು ಹಾಕಿತು ಎಂದು ಪತ್ರಿಕೆಯವರು ಬೆರಗಾದರು. ಬೆರಗಿನದೇನೂ ಇರಲಿಲ್ಲ, ವೋಟು ಬಿದ್ದದ್ದು ಅಮ್ಮನಿಗೆ. ಗೆದ್ದ ರಾತ್ರಿಯ ಭಾಷಣದಲ್ಲಿ ಅವನು ಅಂಗಡಿಯ ಗಿರಾಕಿಗಳಿಗೆ, ಐರ್ಲೆಂಡಿನ ತಾಯಿಗೆ, ದೇವರಿಗೆ ವಂದನೆ ಹೇಳಿದ. ಅಮ್ಮ ಪಕ್ಕದಲ್ಲೇ ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ಅಂದಿನಿಂದ ನಾನು ಮನೆಯೊಳಗೂ ಅವನನ್ನು ಮೇಯರ್ ಎಂದೇ ಕರೆದೆ. ಅವನಿಗದು ಗೌರವವೆನಿಸಿ ಖುಷಿಯಾಯಿತು.

ಅವನ ಮೊದಲ ಸಾಧನೆ ಊರನ್ನು ಚೊಕ್ಕ ಮಾಡುವ ಕಾನೂನು. ಯಾರ ಅಂಗಳದಲ್ಲೂ ಹುಲ್ಲು ಒಂದಡಿಗಿಂತ ಎತ್ತರ ಬೆಳೆಯಕೂಡದು, ಸೊಳ್ಳೆಯಾಗುವಂತೆ ನೀರು ನಿಲ್ಲಕೂಡದು. ಬಡವರ ಅಂಗಳಗಳಿಗೆ ಎಚ್ಚರಿಕೆ ಹೋಯಿತು. ಆಗ ಕೌನ್ಸಿಲ್ಲಿನಲ್ಲಿ ಅವನಿಗಾಗದ ಸದಸ್ಯನೊಬ್ಬ ಎದ್ದು, ಮೊದಲು ನಿಮ್ಮ ಹಿತ್ತಲನ್ನು ನೋಡಿಕೊಳ್ಳಿ ಮೇಯರ್ ಎಂದನಂತೆ. ಸಭೆ ನಕ್ಕಿತು. ಅವನಿಗೆ ಯಾರಾದರೂ ನಕ್ಕರೆ ಆಗುತ್ತಿರಲಿಲ್ಲ. ಆ ದಿನ ಸಂಜೆಯ ಊಟದ ಹೊತ್ತಿಗೆ ವಿಷಯ ತೆಗೆದ. ಅವರಿಬ್ಬರ ಮಾತು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

"ಬೆನ್ನಿ, ಆ ಟಬ್ಬಿಗೆ ಏನಾದರೂ ಮಾಡಬೇಕಲ್ಲ. ಜನ ಮಾತಾಡ್ತಿದ್ದಾರೆ."

"ಹಬ್ಬ ಮುಗೀಲಿ. ತೆನೆ ಹಾಲು ತುಂಬಿ ನಿಂತಿದೆ. ಬೀಜ ತೆಗೆದಿಟ್ಟ ಮೇಲೆ ಏನು ಬೇಕಾದರೂ ಮಾಡು."

"ಸರಿ. ಹಬ್ಬ ಮುಗೀಲಿ."

ಹಾಗೆಂದು ಒಪ್ಪಿ ಅಮ್ಮನ ಕೈಯಿಂದ ಇನ್ನೊಂದು ಲೋಟ ಚಹಾ ಇಸಿದುಕೊಂಡ. ಹಬ್ಬದ ಹಿಂದಿನ ದಿನ ಅಮ್ಮ ಕ್ಲಿನಿಕ್ಕಿನಲ್ಲಿದ್ದಳು, ನಾನು ಶಾಲೆಯಿಂದ ಬಂದು ಸಿಂಕಿನ ಬಳಿ ನೀರು ಕುಡಿಯುತ್ತಿದ್ದೆ. ಹಿತ್ತಲಲ್ಲಿ ಯಂತ್ರದ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಮೇಯರ್ ಬಿಳಿ ಅಂಗಿಯ ತೋಳು ಮಡಚಿ, ಹುಲ್ಲುಹಾಸಿನ ಅಂಚು ಕತ್ತರಿಸುವ ಯಂತ್ರ ಹಿಡಿದು, ಒಂದು ಬೂಟುಗಾಲನ್ನು ಟಬ್ಬಿನ ಮೇಲಿಟ್ಟು ನಗುತ್ತಿದ್ದಾನೆ. ಎದುರಿಗೆ ಪತ್ರಿಕೆಯ ಫೋಟೋಗ್ರಾಫರ್. ಅರ್ಧ ಭತ್ತ ಆಗಲೇ ಮಲಗಿತ್ತು. ನಾನು ಓಡಿದೆ. ಇಂಗ್ಲಿಷು ಬಾಯಿಗೇ ಬರಲಿಲ್ಲ.

"ನಿಲ್ಸಿ! ಅಮ್ಮನ ಭತ್ತ ಅದು, ನಿಲ್ಸಿ!"

ಅವನು ನನ್ನನ್ನು ನೋಡಿದ, ಫೋಟೋಗ್ರಾಫರನನ್ನು ನೋಡಿದ. ಮುಖದ ನಗು ಹಾಗೇ ಇತ್ತು.

"ಒಳಗೆ ಹೋಗು, ಪೆಟ್. ಇದು ಬರೀ ಹುಲ್ಲು."

ಉಳಿದರ್ಧವನ್ನೂ ಕತ್ತರಿಸಿ, ಚೀಲಕ್ಕೆ ತುಂಬಿ, ಊರಿನ ಕಸದ ಲಾರಿಗೆ ಕೈಯಾರೆ ಎತ್ತಿಕೊಟ್ಟ. ಅದಕ್ಕೂ ಒಂದು ಫೋಟೋ ತೆಗೆಸಿಕೊಂಡ. ಅಮ್ಮ ಬಂದಾಗ ಟಬ್ಬು ಬೋರಲಾಗಿ ಬಿದ್ದಿತ್ತು. ಅವಳು ಕೂಗಾಡುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಎಂದು ನಾನು ಕಾದೆ. ಎಸೆದಿದ್ದರೆ ನನಗೆ ಎಷ್ಟು ಹಿತವಾಗುತ್ತಿತ್ತು. ಅವಳು ಹಿತ್ತಲ ಮಣ್ಣಿನಲ್ಲಿ ಬಗ್ಗಿ ಹುಡುಕಿದಳು.

"ಬೀಜಕ್ಕಾದ್ರೂ ಒಂದು ತೆನೆ ಉಳೀತಾ ಪುಟ್ಟಿ?"

"ಇಲ್ಲಮ್ಮ. ಎಲ್ಲಾ ಲಾರಿಗೆ ಹಾಕ್ಬಿಟ್ರು."

ಮಾರನೆಯ ದಿನ ಅಮ್ಮ ಏನೂ ನಡೆದಿಲ್ಲವೆಂಬಂತೆ ಹಬ್ಬದಡುಗೆ ಮಾಡಿದಳು. ಬೆಂಡೆಕಾಯಿ, ಕಾಲರ್ಡ್ ಪಲ್ಯ, ಕುಂಬಳಕಾಯಿ, ಅನ್ನ, ಸಾರು, ಎಲ್ಲವನ್ನೂ ಬಡಿಸಿದಳು. ಮೇಯರ್ ನೆಮ್ಮದಿಯಿಂದ ಬಂದು ಕೂತ. ಗಲಾಟೆಯಿಲ್ಲದೆ ಮುಗಿಯಿತು ಎಂದುಕೊಂಡಿರಬೇಕು. ಆಗ ಅಮ್ಮ ಪ್ರತಿವರ್ಷ ತೆನೆಯ ಪಾಯಸ ಇಡುತ್ತಿದ್ದ ಹಿತ್ತಾಳೆ ಬಟ್ಟಲನ್ನು ಅವನ ಮುಂದಿಟ್ಟಳು. ಒಳಗೆ ಏನೂ ಇರಲಿಲ್ಲ. ತನ್ನ ಬಲ ಅಂಗೈ ಚಾಚಿದಳು. ಅವನೊಂದಿಗೆ ಎಂದೂ ಕನ್ನಡ ಆಡದವಳು ಅಂದು ಕನ್ನಡದಲ್ಲಿ ಹೇಳಿದಳು.

"ಕೊಡಿ. ನೀವು ಮನೆ ಯಜಮಾನ್ರಲ್ವಾ? ಕೊಡಿ."

"ಏನಂತಿದ್ದಾಳೆ?" ಅವನು ನನ್ನ ಕಡೆ ತಿರುಗಿದ. ನಾನು ಅನುವಾದ ಮಾಡಲಿಲ್ಲ. ಅಮ್ಮನನ್ನು ನೋಡಿ ನಾನೂ ಅಂಗೈ ಚಾಚಿದೆ. ರೋಷನ್ ಏನೆಂದು ತಿಳಿಯದೆ ತನ್ನ ಪುಟ್ಟ ಕೈ ಚಾಚಿದ. ಅನ್ನ ಆರಿತು, ಸಾರಿನ ಮೇಲೆ ಪೊರೆ ಕಟ್ಟಿತು, ಯಾರ ಕೈಯೂ ಕೆಳಗಿಳಿಯಲಿಲ್ಲ. ಕೊನೆಗೆ ಅವನು ಕುರ್ಚಿ ಹಿಂದಕ್ಕೆ ತಳ್ಳಿ, ನೀವೆಲ್ಲ ಸೇರಿ ನನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದೀರಿ ಎಂದು ಅಂಗಡಿಗೆ ಹೋಗಿ ಸ್ಯಾಂಡ್‌ವಿಚ್ ತಿಂದ. ತೆನೆಯಿಲ್ಲದೆ ಆ ಊಟವನ್ನು ಅಮ್ಮ ನಮಗೂ ತಿನ್ನಗೊಡಲಿಲ್ಲ. ಹಸಿವಿಗೆ ಅತ್ತ ರೋಷನ್‌ಗೆ ನಿಂತಲ್ಲೇ ಬ್ರೆಡ್ಡು ಹಾಲು ಕೊಟ್ಟಳು. ಒಂದಗುಳು ಚೆಲ್ಲಿದರೂ ಗದರುತ್ತಿದ್ದವಳು ಅಷ್ಟೂ ಅಡುಗೆಯನ್ನು ತಾನೇ ಕಸದ ಡಬ್ಬಿಗೆ ಸುರಿದಳು. ಆ ಮನೆಯಲ್ಲಿ ಮತ್ತೆ ತೆನೆ ಹಬ್ಬ ಆಗಲಿಲ್ಲ.

ಫೋಟೋ ಪತ್ರಿಕೆಯ ಮುಖಪುಟದಲ್ಲಿ ಬಂತು. ಕಳೆ ಕೀಳುವ ಕೆಲಸವನ್ನು ಮೇಯರ್ ಮನೆಯಿಂದಲೇ ಆರಂಭಿಸಿದರು ಎಂದು ಹೊಗಳಿದ್ದರು. ಅದನ್ನು ದೊಡ್ಡದು ಮಾಡಿಸಿ ಟೌನ್ ಹಾಲಿನಲ್ಲಿ ತೂಗುಹಾಕಿದರು. ಚಿತ್ರದ ಮೂಲೆಯಲ್ಲಿ ಅಡುಗೆಮನೆಯ ಕಿಟಕಿ, ಅದರ ಗಾಜಿನ ಹಿಂದೆ ಮಸುಕಾಗಿ ಒಂದು ಮುಖ. ಅದು ನಾನು. ಚುನಾವಣೆ ಮೇಲೆ ಚುನಾವಣೆ ಅವನು ಆ ಚಿತ್ರದ ಕೆಳಗೇ ನಿಂತು ಗೆದ್ದ. ಅಮ್ಮ ಅವನನ್ನು ಬಿಡಲಿಲ್ಲ. ಚಹಾ ಮಾಡಿಕೊಟ್ಟಳು, ಅಂಗಿಗೆ ಇಸ್ತ್ರಿ ಹಾಕಿದಳು, ಸಮಾರಂಭಗಳಿಗೆ ಹೋದಳು. ಸೆಪ್ಟೆಂಬರ್ ಬಂತೆಂದರೆ ಮಾತ್ರ ಮೆಡಿಕಲ್ ಕಾನ್ಫರೆನ್ಸ್ ಎಂದು ಅಟ್ಲಾಂಟಾಕ್ಕೆ ಹೊರಟುಬಿಡುತ್ತಿದ್ದಳು. ಕ್ಷಮಿಸಿಬಿಟ್ಟಿದ್ದಾಳೆ ಎಂದುಕೊಂಡು ನಾನು ಅವಳ ಮೇಲೂ ಸಿಟ್ಟಾಗಿದ್ದೆ. ನಾನಂತೂ ಕ್ಷಮಿಸಲಿಲ್ಲ. ಕಾಲೇಜು, ಕೆಲಸ, ಮದುವೆ, ಮಗಳು, ಎಲ್ಲದರ ನಡುವೆ ಅದನ್ನು ಕೆಂಡಕ್ಕೆ ಬೂದಿ ಮುಚ್ಚಿಟ್ಟ ಹಾಗೆ ಜೋಪಾನ ಮಾಡಿಕೊಂಡು ಬಂದೆ.

ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ಕಾಲದಲ್ಲಿ ಅಮ್ಮ ಹೋದಳು. ಆಸ್ಪತ್ರೆಯೊಳಗೆ ನಮ್ಮನ್ನು ಬಿಡಲಿಲ್ಲ, ಟ್ಯಾಬ್ಲೆಟ್ಟಿನ ಪರದೆಯಲ್ಲಿ ಅವಳ ಹಣೆಯಷ್ಟೇ ಕಂಡಿತು. ಶವಸಂಸ್ಕಾರಕ್ಕೆ ಕೈಬೆರಳೆಣಿಕೆಯ ಜನ, ಒಬ್ಬೊಬ್ಬರೂ ದೂರದೂರ. ಊರಿನ ಪತ್ರಿಕೆ 'ಮಾಜಿ ಮೇಯರ್ ಪತ್ನಿ ನಿಧನ' ಎಂದು ಬರೆಯಿತು. ಆ ಊರಿನ ಎರಡು ತಲೆಮಾರಿನ ಮಕ್ಕಳ ಎದೆಗೆ ಸ್ಟೆಥಸ್ಕೋಪ್ ಇಟ್ಟವಳು ಡಾಕ್ಟರೆಂದು ಬರೆಯಲು ಅವರಿಗೆ ಜಾಗ ಸಾಲಲಿಲ್ಲ. ನಾನು ಆ ಪುಟವನ್ನು ಹರಿದು ಒಲೆಗೆ ಹಾಕಿದೆ.

ಆ ಸೆಪ್ಟೆಂಬರಿನಲ್ಲಿ ಹಿಲ್ಡಾ ಆಂಟಿ ಅಟ್ಲಾಂಟಾದ ಹತ್ತಿರದ ಡುಲುತ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಏಪೆಕ್ಸಿನ ನನ್ನ ಮನೆಗೆ ಬಂದರು. ಅಮ್ಮನ ಜೊತೆ ಮೆಡಿಕಲ್ ಓದಿದವರು, ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸೋಂಕಿನ ಭಯಕ್ಕೆ ಒಳಗೆ ಬರಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಬಿಳಿ ಬಟ್ಟೆಯ ಗಂಟೊಂದನ್ನಿಟ್ಟು ಹಿಂದೆ ಸರಿದು ನಿಂತರು. ಬಿಚ್ಚಿದೆ. ಹಸಿರು ಹೊಂಬಣ್ಣದ ಭತ್ತದ ತೆನೆಗಳು.

"ಆಂಟಿ, ಇದೆಲ್ಲಿಂದ?"

"ನಿಮ್ಮಮ್ಮಂದೇ ಕಣೆ. ಅವ್ನು ಕಡಿದು ಹಾಕಿದ ಹಿಂದಿನ ವರ್ಷ ನಂಗೊಂದು ಹಿಡಿ ಬೀಜ ಕೊಟ್ಟಿದ್ಲು. ಕಡಿದ ದಿನ ಫೋನ್ ಮಾಡಿ, ಹಿಲ್ಡಾ, ನೀನು ಬಿತ್ತಿದ್ದೀಯಾ ಅಂದ್ಲು. ಬಿತ್ತಿದ್ದೀನಿ ಅಂದೆ. ಆ ಕಡೆಯಿಂದ ಬರೀ ಅಳು."

"ಕಾನ್ಫರೆನ್ಸ್ ಅಂತ ಬರ್ತಿದ್ದಿದ್ದು…"

"ಯಾವ ಕಾನ್ಫರೆನ್ಸು! ನನ್ನ ಬ್ಯಾಕ್‌ಯಾರ್ಡಲ್ಲಿ ಕೂತು ತೆನೆ ಸುಲೀತಿದ್ಲು. ಆ ಮನೇಲಿ ಇನ್ನೊಂದ್ಸಲ ತೆನೆ ಕೊಡೋದಿದ್ರೆ ಅದನ್ನ ಕೊಡೋಳು ನನ್ನ ಮಗಳು, ಇನ್ಯಾರೂ ಅಲ್ಲ ಅಂತಿದ್ಲು. ತಗೋ. ನಂಗೂ ವಯಸ್ಸಾಯ್ತು."

ಬಾಗಿಲ ಮೆಟ್ಟಿಲ ಮೇಲೆ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ಒಂದು ದಿನವೂ ಕ್ಷಮಿಸಿರಲಿಲ್ಲ. ನನಗಿಂತ ಗಟ್ಟಿ ಹಟ ಅವಳದು. ದುಃಖಕ್ಕಿಂತ ಹೆಚ್ಚಾಗಿ ನನಗಾದದ್ದು ಹೆಮ್ಮೆ. ಆ ಕ್ಷಣದಿಂದ ನನಗೆ ಬೇಕಾದದ್ದು ಒಂದೇ ಆಗಿತ್ತು, ಆ ಮನೆಯಲ್ಲಿ ಅಮ್ಮನ ತೆನೆಯನ್ನು ನನ್ನ ಕೈಯಿಂದ ಕೊಡುವುದು. ಆದರೆ ಮನೆಯ ಕೀಲಿ ಮೇಯರ್ ಕೈಯಲ್ಲಿತ್ತು. ಬಾಗಿಲು ತಟ್ಟಿ ಅವನ ಅಪ್ಪಣೆ ಕೇಳುವುದಕ್ಕೆ ನನ್ನಿಂದಾಗದು. ವರ್ಷವರ್ಷವೂ ನನ್ನ ಮನೆಯ ಹಿಂದಿನ ಹಲಗೆಯ ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೀಜ ಬಿತ್ತಿ ಕಾದೆ.

ಕಡೆಗೆ ಮೇಯರ್ ವೃದ್ಧಾಶ್ರಮ ಸೇರಿದ, ಮನೆಯನ್ನು ಊರಿಗೆ ಬಿಟ್ಟುಕೊಟ್ಟ. ಊರು ಅದಕ್ಕೆ ಬಣ್ಣ ಬಳಿದು, ಜನ ಬಂದು ನೋಡುವ ಜಾಗ ಮಾಡಹೊರಟಿತು. ಟೌನ್ ಆಫೀಸಿನ ಹುಡುಗಿಯೊಬ್ಬಳು ಫೋನ್ ಮಾಡಿ, ಮೇಯರ್ ಮಗಳಾಗಿ ಆ ಮನೆಯ ಸಿಹಿ ನೆನಪುಗಳ ಬಗ್ಗೆ ಎರಡು ಮಾತಾಡುತ್ತೀರಾ, ನಿಮಗೆ ಯಾವ ದಿನ ಅನುಕೂಲ ಎಂದು ಕೇಳಿದಳು. ಸೆಪ್ಟೆಂಬರ್ ಎಂಟು ಎಂದೆ. ತಡವರಿಸದೆ ಹೇಳಿದ್ದಕ್ಕೆ ಅವಳಿಗೆ ಸಂತೋಷವಾಯಿತು. ರೋಷನ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ.

"ಅಕ್ಕ, ಬಿಡು ಪ್ಲೀಸ್. ಹೀ ಈಸ್ ಆನ್ ಓಲ್ಡ್ ಮ್ಯಾನ್."

"ನೀನು ಆವತ್ತು ಹಸಿವಿಗೆ ಅತ್ತಿದ್ದು ನಿಂಗೆ ನೆನಪಿಲ್ಲ."

"ನಂಗೆ ನೆನಪಿರೋದು ಅವ್ನು ಬೈಕ್ ಕಲಿಸಿದ್ದು. ಹಿಂದೇನೇ ಓಡಿ ಬರ್ತಿದ್ದ, ಅಕ್ಕ."

"ಕಲಿಸಿರ್ಲಿ. ನೀನು ಬರ್ತೀಯೋ ಇಲ್ವೋ?"

ಬಂದ. ಹಿಲ್ಡಾ ಆಂಟಿಯನ್ನು ಡುಲುತ್‌ನಿಂದ ಅವನೇ ಕರೆತಂದ. ನಾನು ಹೊತ್ತಿಗೆ ಮೊದಲೇ ವ್ಯಾನಿನಲ್ಲಿ ಟಬ್ಬನ್ನು ತಂದು, ಹಿತ್ತಲಲ್ಲಲ್ಲ, ಮನೆಯ ಮುಂದೆ, ಹೊಸದಾಗಿ ಹಾಸಿದ ಹುಲ್ಲುಹಾಸಿನ ನಡುಮಧ್ಯೆ ಇಟ್ಟೆ. ಭತ್ತ ಸೊಂಟದೆತ್ತರ ಬೆಳೆದು ತಲೆ ಬಾಗಿಸಿತ್ತು. ಟೌನ್ ಆಫೀಸಿನ ಹುಡುಗಿ ಸುತ್ತ ಒಂದು ಬಾರಿ ನಡೆದು, ಎತ್ತರದ ಹುಲ್ಲಿನ ಕಾನೂನು ಇದೆಯಲ್ಲ, ಪರವಾಗಿಲ್ಲವೇ ಎಂದು ಪಿಸುಗುಟ್ಟಿದಳು. ಆ ಕಾನೂನು ಮಾಡಿದವರು ಈಗ ಬರುತ್ತಾರೆ, ಅವರನ್ನೇ ಕೇಳೋಣ ಎಂದೆ. ಒಳಗೆ, ಪವಿತ್ರ ಹೃದಯವಿದ್ದ ಗೋಡೆಯ ಮೇಲೆ ಟೌನ್ ಹಾಲಿನ ಆ ಫೋಟೋ ತಂದು ಹಾಕಿದ್ದರು. ಮುಂಬಾಗಿಲ ಮೇಲೆ ಹುಲ್ಲಿನ ಶಿಲುಬೆ ಕಪ್ಪಾಗಿ ಹಾಗೇ ಇತ್ತು. ಪಕ್ಕದ ಚೀಟಿಯಲ್ಲಿ, ಐರ್ಲೆಂಡಿನ ಜೊಂಡಿನಿಂದ ಹೆಣೆದದ್ದು ಎಂದು ಬರೆದಿತ್ತು.

ವೀಲ್‌ಚೇರಿನಲ್ಲಿ ಅವನನ್ನು ಕರೆತಂದರು. ಹಸಿರು ಟೈ, ತಲೆ ನೀಟಾಗಿ ಬಾಚಿದ್ದರು. ಈಗ ಮರೆವು, ಕೆಲವು ದಿನ ಯಾರನ್ನೂ ಗುರುತಿಸುವುದಿಲ್ಲ ಎಂದು ಜೊತೆಗಿದ್ದವಳು ಹೇಳಿದಳು. ಭತ್ತ ನೋಡಿ ಅವನ ಗಾಲಿ ನಿಂತಿತು. ನಾನು ಮೈಕಿನ ಮುಂದೆ ಹೋಗಿ ಸಿಹಿ ನೆನಪುಗಳನ್ನು ಹೇಳಿದೆ. ಈ ಮನೆಯನ್ನು ಕೊಂಡವರು ಡಾಕ್ಟರ್ ಬೆನೆಡಿಕ್ಟಾ ಎಂದೆ. ಬಾಗಿಲ ಮೇಲಿನ ಶಿಲುಬೆ ಅವರು ಹಿತ್ತಲಲ್ಲಿ ಬೆಳೆದ ಭತ್ತದ ಹುಲ್ಲಿನದು, ಒಳಗಿನ ಫೋಟೋದಲ್ಲಿ ಮೇಯರ್ ಕಡಿಯುತ್ತಿರುವ ಕಳೆ ಅದೇ ಭತ್ತ, ಹಬ್ಬದ ಹಿಂದಿನ ದಿನ, ಹಬ್ಬ ಮುಗಿಯುವ ತನಕ ಕಡಿಯುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಎಂದೆ. ಅಷ್ಟು ವರ್ಷ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತುಗಳವು. ಮೂರನೆಯ ಸಾಲಿನಲ್ಲಿ ಊರುಗೋಲು ಹಿಡಿದ ಬಿಳಿ ಮುದುಕಿಯೊಬ್ಬಳು ಎದ್ದು ನಿಂತಳು.

"ನಾನು ವೋಟು ಹಾಕಿದ್ದು ಡಾಕ್ಟರ್ ಬೆನ್ನಿಗೆ," ಎಂದಳು ಗಟ್ಟಿಯಾಗಿ. "ನಾವೆಲ್ಲ ಹಾಕಿದ್ದು ಅವರಿಗೇ. ಗೊತ್ತಿದ್ದ ವಿಷಯ."

ಹಿತ್ತಾಳೆ ಬಟ್ಟಲು ಹೊರಗೆ ತೆಗೆದೆ. ತೆನೆಯನ್ನು ಹಿಂದಿನ ದಿನವೇ ನಾನೂ ಹಿಲ್ಡಾ ಆಂಟಿಯೂ ಸುಲಿದು ಪಾಯಸಕ್ಕೆ ಬೆರೆಸಿದ್ದೆವು. ಮೊದಲು ಆಂಟಿಯ ಅಂಗೈಗೆ ಹಾಕಿದೆ, ಆಮೇಲೆ ರೋಷನ್‌ಗೆ, ಅವನ ಮಕ್ಕಳಿಗೆ, ನನ್ನ ಮಗಳಿಗೆ. ಊರುಗೋಲಿನ ಮುದುಕಿ ತಾನಾಗಿ ಬಂದು ಕೈ ಚಾಚಿದಳು. ಅವಳ ಹಿಂದೆ ಇನ್ನಷ್ಟು ಜನ ಬಂದರು, ಅಮ್ಮನ ಕೈಯಲ್ಲಿ ಬೆಳೆದ ಮಕ್ಕಳು, ಈಗ ತಲೆ ನರೆತವರು. ಒಬ್ಬೊಬ್ಬರಿಗೂ ಕೊಟ್ಟೆ. ಹಾಗೆ ಕೊಡುತ್ತ ವೀಲ್‌ಚೇರಿನ ಎದುರಿಗೆ ಬಂದೆ. ಎಲ್ಲ ಮರೆತಿದ್ದಾನೆ ಎಂದಿದ್ದರು. ಅವನ ಬಲಗೈ ಮೇಲೆದ್ದಿತ್ತು, ಅಂಗೈ ಬಟ್ಟಲಾಗಿತ್ತು, ಚೆಲ್ಲದಂತೆ ಬೆರಳು ಸೇರಿಸಿ ಹಿಡಿದಿದ್ದ. ಅಮ್ಮ ಹೇಳಿಕೊಟ್ಟ ಹಾಗೆಯೇ. ಕಣ್ಣಲ್ಲಿ ನೀರಿತ್ತು.

"ನನಗೂ, ಪೆಟ್?"

ನಾನು ಬಗ್ಗಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದೆ.

"ಇದು ಬರೀ ಹುಲ್ಲು."

ಬಟ್ಟಲು ಹಿಡಿದು ಮುಂದೆ ನಡೆದೆ. ಹಿಂದೆ ಅವನ ಕೈ ಎಷ್ಟು ಹೊತ್ತು ಹಾಗೇ ಇತ್ತೋ ನಾನು ತಿರುಗಿ ನೋಡಲಿಲ್ಲ. ಆಮೇಲೆ ತಮ್ಮ ಈ ವಿಷಯಕ್ಕೆ ನನ್ನೊಂದಿಗೆ ಮಾತು ಬಿಟ್ಟ, ನನ್ನ ಫೋನು ಎತ್ತುವುದಿಲ್ಲ. ಆದರೆ ಆ ದಿನ ಅವನು ಅಂಗೈಯಲ್ಲಿ ಪಾಯಸ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ, ಮಕ್ಕಳೂ ತಿನ್ನದೆ ಅವನ ಮುಖ ನೋಡುತ್ತಿದ್ದರು. ಹಬ್ಬದ ನಿಯಮ ಅವನಿಗೂ ಗೊತ್ತಿತ್ತು.

"ಅಕ್ಕ, ತಿನ್ನೋ ಹಾಗಿಲ್ಲ. ಎಲ್ಲರಿಗೂ ಸಿಕ್ಕಿಲ್ಲ."

"ಮನೆಯವ್ರಿಗೆಲ್ಲಾ ಸಿಕ್ಕಿದೆ," ಎಂದೆ. ಎಂದು, ಅವರೆಲ್ಲರಿಗಿಂತ ಮೊದಲು ನಾನು ತಿಂದೆ.